ಮಗು ಪ್ರಥಮ ಪರಮಪ್ರಸಾದ ಬೇಡವೆಂದಾಗ

ಪ್ರಥಮ ಪರಮಪ್ರಸಾದಕ್ಕೆ ಹದಿನೈದು ದಿನ ಇರುವಾಗ ಕೆಲವು ಹೆತ್ತವರು ಚಿಂತೆಯಿಂದ ನಮ್ಮಲ್ಲಿಗೆ ಬರುವುದುಂಟು. "ಫಾದರ್, ಇವನು ಬೇಡ ಎನ್ನುತ್ತಿದ್ದಾನೆ. ಬಟ್ಟೆ ಹೊಲಿಸಿ ಆಗಿದೆ, ಹಾಲ್ ಬುಕ್ ಆಗಿದೆ, ಗಲ್ಫ್‌ನಿಂದ ಮಾವ ಬರುತ್ತಿದ್ದಾರೆ. ನೀವೊಮ್ಮೆ ಬುದ್ಧಿ ಹೇಳಿ." ಬುದ್ಧಿ ಹೇಳುವ ಮೊದಲು ಮಗುವಿನ ಮಾತನ್ನು ಕೇಳಬೇಕು.

ಧರ್ಮಸಭೆಯ ನಿಯಮ

ವಿವೇಕದ ವಯಸ್ಸಿಗೆ ಬಂದವರು ವರ್ಷಕ್ಕೊಮ್ಮೆ ಪಾಪನಿವೇದನೆ ಮಾಡಿ, ಪಾಸ್ಖ ಕಾಲದಲ್ಲಿ ಪರಮಪ್ರಸಾದ ಸ್ವೀಕರಿಸಬೇಕೆಂದು 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ವಿಧಿಸಿತು. ಕಾಲಕ್ರಮೇಣ ಹಲವೆಡೆ ಈ ವಯಸ್ಸನ್ನು ಹತ್ತು, ಹನ್ನೆರಡು ವರ್ಷಕ್ಕೆ, ಅದಕ್ಕೂ ಮುಂದಕ್ಕೆ ತಳ್ಳಲಾಯಿತು. ಪೋಪ್ ಹತ್ತನೇ ಪಿಯುಸ್‌ರ ಕಾಲದಲ್ಲಿ, 1910ರ ಆಗಸ್ಟ್ 8ರಂದು ಹೊರಟ 'ಕ್ವಾಮ್ ಸಿಂಗುಲಾರಿ' ಆಜ್ಞೆ ಅದನ್ನು ಸುಮಾರು ಏಳನೇ ವರ್ಷಕ್ಕೆ ಇಳಿಸಿತು.

1983ರ ಧರ್ಮಸಭಾ ಕಾನೂನು ಸಂಹಿತೆಯ 913ನೇ ನಿಯಮದಂತೆ ಮಗುವಿಗೆ ತನ್ನ ಶಕ್ತಿಗೆ ತಕ್ಕಷ್ಟು ತಿಳುವಳಿಕೆ ಇರಬೇಕು. ವಿಶ್ವಾಸದಿಂದ, ಭಕ್ತಿಯಿಂದ ಸ್ವೀಕರಿಸಲು ಸಾಧ್ಯವಾಗಬೇಕು. 914ನೇ ನಿಯಮ ಸಿದ್ಧತೆಯ ಹೊಣೆಯನ್ನು ಮೊದಲು ಹೆತ್ತವರಿಗೆ ವಹಿಸುತ್ತದೆ. ಪಾಪನಿವೇದನೆಯ ನಂತರ ಆದಷ್ಟು ಬೇಗ ಪರಮಪ್ರಸಾದ ಸಿಗಬೇಕು ಎನ್ನುತ್ತದೆ. ಸಿದ್ಧರಿಲ್ಲದವರು ಮುಂದೆ ಬರದಂತೆ ಧರ್ಮಗುರುಗಳು ಎಚ್ಚರ ವಹಿಸಬೇಕೆಂದೂ ಹೇಳುತ್ತದೆ. ಹಾಲ್ ಬುಕ್ ಆದ ದಿನಾಂಕ ಈ ನಿಯಮಗಳಲ್ಲಿಲ್ಲ.

ಹಿಂಜರಿಕೆ ಏಕೆ?

ಪಾಪನಿವೇದನೆಯ ಭಯ: "ಫಾದರ್ ಅಮ್ಮನಿಗೆ ಹೇಳಿಬಿಟ್ಟರೆ?" ಎಂಬುದು ಅನೇಕ ಮಕ್ಕಳ ಭಯ. ಪಾಪನಿವೇದನೆಯ ಗುಟ್ಟನ್ನು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ ಎಂದು ಮಗುವಿಗೆ ತಿಳಿಸಿ. ಮುಖ ಕಾಣದಂತೆ ಜಾಲರಿಯ ಹಿಂದೆ ಕುಳಿತು ಹೇಳುವ ಅವಕಾಶವೂ ಇದೆ. ಹೆತ್ತವರೂ "ಏನು ಹೇಳಿದೆ?" ಎಂದು ಕೇಳಬಾರದು.

ನುಂಗುವ ಭಯ: ರೊಟ್ಟಿ ಅಂಟಿಕೊಂಡರೆ, ಕೆಳಗೆ ಬಿದ್ದರೆ ಎಂಬ ಅಂಜಿಕೆಗೆ, ಪ್ರತಿಷ್ಠಾಪಿಸದ ರೊಟ್ಟಿಯಿಂದ ಅಭ್ಯಾಸ ಮಾಡಿಸಿದರೆ ಸಾಕು. ಗೋಧಿಯ ಗ್ಲುಟೆನ್ ಒಗ್ಗದ ಮಗುವಿಗೆ ಕಡಿಮೆ ಗ್ಲುಟೆನ್‌ನ ರೊಟ್ಟಿ ಸಲ್ಲುತ್ತದೆ, ಗ್ಲುಟೆನ್ ಪೂರ್ತಿ ತೆಗೆದದ್ದು ಸಲ್ಲದು ಎಂದು 2003ರಲ್ಲಿ ರೋಮ್ ಸ್ಪಷ್ಟಪಡಿಸಿದೆ. ಅದೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ನೀಡಬಹುದು. ಧರ್ಮಗುರುಗಳಿಗೆ ಮುಂಚಿತವಾಗಿ ತಿಳಿಸಿ.

ಜನರ ಮುಂದೆ ನಾಚಿಕೆ: ಮೆರವಣಿಗೆ, ಕ್ಯಾಮೆರಾ, ಗದ್ದಲ ಕೆಲವು ಮಕ್ಕಳಿಗೆ ತಾಳಲಾರದ ಹೊರೆ. ವಾರದ ದಿನದ ಬಲಿಪೂಜೆಯಲ್ಲಿ, ಮನೆಯವರಷ್ಟೇ ಇರುವಾಗ ಸ್ವೀಕರಿಸಿದರೂ ಅದು ಅದೇ ಸಂಸ್ಕಾರ.

ನಿಜವಾದ ಪ್ರಶ್ನೆ: "ಯೇಸು ಕಾಣಿಸುವುದೇ ಇಲ್ಲವಲ್ಲ?" 2005ರ ಅಕ್ಟೋಬರ್ 15ರಂದು ಸಂತ ಪೇತ್ರರ ಚೌಕದಲ್ಲಿ ಒಬ್ಬ ಬಾಲಕ ಪೋಪ್ ಹದಿನಾರನೇ ಬೆನೆಡಿಕ್ಟರಿಗೆ ಕೇಳಿದ್ದೂ ಇದನ್ನೇ. ವಿದ್ಯುತ್ ಕಣ್ಣಿಗೆ ಕಾಣದು, ಆದರೆ ಬೆಳಕು ಕಾಣುತ್ತದೆ, ಮೈಕ್ ಕೆಲಸ ಮಾಡುತ್ತದೆ ಎಂಬರ್ಥದಲ್ಲಿ ಅವರು ಉತ್ತರಿಸಿದರು. ಗದರಲಿಲ್ಲ.

ಮನೆಯ ನೋವು: ತಂದೆ ತಾಯಿ ಮಾತು ಬಿಟ್ಟಿರುವ ಮನೆಯಲ್ಲಿ, ಅಂದು ಯಾರ ಪಕ್ಕ ನಿಲ್ಲಲಿ ಎಂಬುದೇ ಮಗುವಿನ ಸಂಕಟವಾಗಿರಬಹುದು. ಇಲ್ಲಿ ಮೊದಲು ಸಿದ್ಧರಾಗಬೇಕಾದವರು ದೊಡ್ಡವರು.

ಮುಂದೂಡುವುದೇ?

ಮುಂದೂಡುವುದು ಬೇರೆ, ಕೈಬಿಡುವುದು ಬೇರೆ. ಧರ್ಮಗುರುಗಳು ಹಾಗೂ ಧರ್ಮೋಪದೇಶದ ಶಿಕ್ಷಕರೊಡನೆ ಮಾತಾಡಿ ಕೆಲವು ವಾರಗಳ ಸಮಯ ಗೊತ್ತುಮಾಡಿಕೊಳ್ಳಿ. ಭಾನುವಾರದ ಬಲಿಪೂಜೆ, ಮನೆಯ ಸಂಜೆಯ ಜಪಸರ ನಿಲ್ಲದಿರಲಿ. ಅಣ್ಣನೊಡನೆ, ನೆರೆಮನೆಯ ಮಗುವಿನೊಡನೆ ಹೋಲಿಸಬೇಡಿ. ಉಡುಗೊರೆಯ ಆಸೆ ತೋರಿಸಬೇಡಿ.

ಹಿಂದೊಮ್ಮೆ ಇಂಥದೇ ಸಂದರ್ಭದಲ್ಲಿ ನಾವು ಹೆತ್ತವರ ಮಾತಿಗೆ ಕಟ್ಟುಬಿದ್ದು, ಅಳುತ್ತಿದ್ದ ಹುಡುಗನನ್ನು ಸಾಲಿನಲ್ಲಿ ನಿಲ್ಲಿಸಿದ್ದೆವು. ಫೋಟೋ ಚೆನ್ನಾಗಿಯೇ ಬಂತು. ಆದರೆ ಆ ಹುಡುಗ ಎರಡನೇ ಬಾರಿ ಪರಮಪ್ರಸಾದಕ್ಕೆ ಬಂದದ್ದನ್ನು ನಾವು ನೋಡಲಿಲ್ಲ. 'ಪ್ರಥಮ' ಎಂದ ಮೇಲೆ ಎರಡನೆಯದು, ಮೂರನೆಯದು ಇರಬೇಕು. ಪ್ರಿಯ ಹೆತ್ತವರೇ, ನಮ್ಮ ಸಿದ್ಧತೆಯೆಲ್ಲ ಆ ಮುಂದಿನ ಭಾನುವಾರಕ್ಕಾಗಿ ಇರಲಿ.