ಸಾಲ ಮಾಡದವನ ಫೋನು

ಸಾಲ ಮಾಡದೆ ಬದುಕುವವನನ್ನು ನಮ್ಮಲ್ಲಿ ಮರ್ಯಾದಸ್ಥ ಎನ್ನುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಕೇಳಿಕೊಂಡೇ ಬೆಳೆದವರು ನಾವು. ಹೀಗೆ ಬೆಳೆದು, ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಿಂದ ಅಮೆರಿಕಕ್ಕೆ ಹೋದ ತರುಣ ಎಂಜಿನಿಯರುಗಳಿಗೆ ಅಲ್ಲಿನ ಮೊಬೈಲ್ ಅಂಗಡಿಯಲ್ಲಿ ವಿಚಿತ್ರ ಅನುಭವವೊಂದು ಕಾದಿರುತ್ತಿತ್ತು. ಒಳ್ಳೆಯ ಕೆಲಸವಿದೆ, ಬ್ಯಾಂಕಿಗೆ ಸಂಬಳ ಜಮೆಯಾಗುತ್ತಿದೆ, ಒಂದು ಡಾಲರ್ ಸಾಲವೂ ಇಲ್ಲ. ಆದರೂ ಕೌಂಟರಿನಲ್ಲಿದ್ದವನು ಕಂಪ್ಯೂಟರ್ ನೋಡಿ, ನಿಮಗೆ ‘ಕ್ರೆಡಿಟ್ ಹಿಸ್ಟರಿ’ ಇಲ್ಲ, ದೊಡ್ಡ ಮೊತ್ತದ ಠೇವಣಿ ಇಡಬೇಕು ಎನ್ನುತ್ತಿದ್ದ. ಊರಿನಲ್ಲಿ ಸದ್ಗುಣವಾಗಿದ್ದದ್ದು ಅಲ್ಲಿ ಕೊರತೆಯಾಗಿತ್ತು.

ಫೋನಿಗೂ ಸಾಲಕ್ಕೂ ಏನು ಸಂಬಂಧ? ತಿಂಗಳ ಕೊನೆಗೆ ಬಿಲ್ ಬರುವ ಪದ್ಧತಿಯನ್ನು ಸ್ವಲ್ಪ ಯೋಚಿಸಿ ನೋಡಿದರೆ ಉತ್ತರ ಸಿಗುತ್ತದೆ. ಮೊದಲು ಮಾತನಾಡಿ ಆಮೇಲೆ ಹಣ ಕೊಡುವವನು ಆ ಒಂದು ತಿಂಗಳ ಮಟ್ಟಿಗೆ ಕಂಪನಿಯ ಸಾಲಗಾರನೇ. ಅದರ ಮೇಲೆ ದುಬಾರಿ ಫೋನನ್ನು ಅಗ್ಗಕ್ಕೆ ಕೊಟ್ಟು, ಆ ನಷ್ಟವನ್ನು ಒಂದೆರಡು ವರ್ಷದ ಕರಾರಿನಲ್ಲಿ ವಸೂಲು ಮಾಡಿಕೊಳ್ಳುವುದು ಆಗ ಅಲ್ಲಿನ ವ್ಯಾಪಾರದ ರೀತಿಯಾಗಿತ್ತು. ಅಮೆರಿಕದಲ್ಲಿ 1983ರಲ್ಲಿ ಷಿಕಾಗೋ ನಗರದಲ್ಲಿ ವಾಣಿಜ್ಯ ಸೇವೆ ಆರಂಭವಾದಾಗ ಕೈಫೋನಿನ ಬೆಲೆಯೇ ಸುಮಾರು 4,000 ಡಾಲರ್. ಆದ್ದರಿಂದ ಗಿರಾಕಿ ನಾಳೆಯೂ ಹಣ ಕೊಟ್ಟಾನೇ ಎಂಬ ಪ್ರಶ್ನೆ ಕಂಪನಿಗೆ ಜೀವನ್ಮರಣದ್ದಾಗಿತ್ತು.

ಈ ಪ್ರಶ್ನೆ ಫೋನಿಗಿಂತ ಬಹಳ ಹಳೆಯದು. ಹಳ್ಳಿಯ ಕಿರಾಣಿ ಅಂಗಡಿಯವನಿಗೆ ಇದು ಕಷ್ಟವೇ ಅಲ್ಲ. ಗಿರಾಕಿಯ ಮನೆ, ಹೊಲ, ಅಪ್ಪ, ಅಜ್ಜ ಎಲ್ಲರೂ ಅವನಿಗೆ ಗೊತ್ತು. ಉದ್ರಿ ಪುಸ್ತಕವೇ ಅವನ ದಾಖಲೆ. ಆದರೆ ವ್ಯಾಪಾರ ಊರು ದಾಟಿ, ಮುಖ ನೋಡದವರ ನಡುವೆ ನಡೆಯತೊಡಗಿದಾಗ ಏನು ಮಾಡುವುದು? 1803ರಲ್ಲೇ ಲಂಡನ್ನಿನ ದರ್ಜಿಗಳು ಕೂಡಿಕೊಂಡು, ಬಟ್ಟೆ ಹೊಲಿಸಿಕೊಂಡು ಹಣ ಕೊಡದ ಗಿರಾಕಿಗಳ ಮಾಹಿತಿಯನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳಲು ಆರಂಭಿಸಿದ್ದರು.

ಅಮೆರಿಕದಲ್ಲಿ ಇದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವನು ಲೂಯಿಸ್ ಟಾಪ್ಪನ್. ಗುಲಾಮಗಿರಿಯ ವಿರುದ್ಧ ಹೋರಾಡಿದ ಧರ್ಮನಿಷ್ಠ. ನ್ಯೂಯಾರ್ಕಿನ ರೇಷ್ಮೆ ವ್ಯಾಪಾರಿ. 1837ರ ಆರ್ಥಿಕ ಕುಸಿತದಲ್ಲಿ, ಉದ್ರಿ ಪಡೆದವರು ಹಣ ಕೊಡದೆ, ಅವನೂ ಅವನ ಅಣ್ಣನೂ ನಡೆಸುತ್ತಿದ್ದ ಅಂಗಡಿ ಮುಳುಗಿತು. ಆ ಪೆಟ್ಟಿನಿಂದ ಪಾಠ ಕಲಿತ ಟಾಪ್ಪನ್ 1841ರಲ್ಲಿ ‘ಮರ್ಕಂಟೈಲ್ ಏಜೆನ್ಸಿ’ ಸ್ಥಾಪಿಸಿದ. ಊರೂರುಗಳ ವರದಿಗಾರರು, ಹೆಚ್ಚಾಗಿ ವಕೀಲರು, ತಮ್ಮೂರಿನ ವ್ಯಾಪಾರಿಗಳ ಬಗ್ಗೆ ಬರೆದು ಕಳಿಸುತ್ತಿದ್ದರು. ಮುಂದೆ ಅಧ್ಯಕ್ಷನಾದ ಅಬ್ರಹಾಂ ಲಿಂಕನ್ ಕೂಡ ವಕೀಲಿಕೆಯ ದಿನಗಳಲ್ಲಿ ಇಂಥ ವರದಿಗಾರನಾಗಿದ್ದ. ಚಂದಾದಾರ ವ್ಯಾಪಾರಿ ಕಚೇರಿಗೆ ಬಂದರೆ ಗುಮಾಸ್ತ ದಪ್ಪ ಪುಸ್ತಕ ತೆರೆದು ಓದಿ ಹೇಳುತ್ತಿದ್ದ. ಆ ಸಂಸ್ಥೆಯ 2,500ಕ್ಕೂ ಹೆಚ್ಚು ಕೈಬರಹದ ಸಂಪುಟಗಳು ಇಂದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿವೆ.

ಆ ಪುಟಗಳಲ್ಲಿ ಇದ್ದದ್ದು ಆಸ್ತಿಪಾಸ್ತಿಯ ಲೆಕ್ಕ ಮಾತ್ರವಲ್ಲ. ಇವನು ಕುಡಿಯುತ್ತಾನೆಯೇ, ಮದುವೆಯಾಗಿದೆಯೇ, ಪ್ರಾಮಾಣಿಕನೇ ಎಂಬ ಮಾತುಗಳೂ ಇದ್ದವು. ಯಹೂದಿ ವ್ಯಾಪಾರಿಗಳಿಗೆ ಅವರ ಜನಾಂಗದ ಹೆಸರೇ ಒಂದು ಕಪ್ಪುಚುಕ್ಕೆಯಾಗಿತ್ತು. ಗುಲಾಮರ ಬಿಡುಗಡೆಗಾಗಿ ದುಡಿದವನು ಕಟ್ಟಿದ ಸಂಸ್ಥೆಯೂ ಕಾಲದ ಪೂರ್ವಗ್ರಹಗಳಿಂದ ಮುಕ್ತವಾಗಿರಲಿಲ್ಲ. 1899ರಲ್ಲಿ ಅಟ್ಲಾಂಟದಲ್ಲಿ ಹುಟ್ಟಿದ ‘ರಿಟೇಲ್ ಕ್ರೆಡಿಟ್ ಕಂಪನಿ’ ಈ ಕಣ್ಣನ್ನು ವ್ಯಾಪಾರಿಗಳಿಂದ ಸಾಮಾನ್ಯ ಗೃಹಸ್ಥರ ಕಡೆಗೆ ತಿರುಗಿಸಿತು. ಅಕ್ಕಪಕ್ಕದವರ ಹರಟೆಯೂ ಕಡತ ಸೇರುತ್ತದೆಂದು ಗೊತ್ತಾದಾಗ ಜನ ಸಿಟ್ಟಿಗೆದ್ದರು. ಅದರ ಫಲವಾಗಿ 1970ರಲ್ಲಿ ಬಂದ ಕಾನೂನು, ತನ್ನ ಕಡತದಲ್ಲಿ ಏನಿದೆಯೆಂದು ತಿಳಿಯುವ ಮತ್ತು ತಪ್ಪನ್ನು ಪ್ರಶ್ನಿಸುವ ಹಕ್ಕನ್ನು ನಾಗರಿಕನಿಗೆ ಕೊಟ್ಟಿತು. ಕಂಪನಿ 1975ರಲ್ಲಿ ‘ಈಕ್ವಿಫ್ಯಾಕ್ಸ್’ ಎಂದು ಹೆಸರು ಬದಲಿಸಿಕೊಂಡಿತು.

ಆಗ ಕಡತವೇ ಇಲ್ಲದ ದೊಡ್ಡ ವರ್ಗವೊಂದು ಅಲ್ಲಿ ಇತ್ತು. ಅದು ವಲಸೆಗಾರರದ್ದಲ್ಲ, ಅಮೆರಿಕದ ಗೃಹಿಣಿಯರದು. ಖಾತೆಗಳೆಲ್ಲ ಗಂಡನ ಹೆಸರಿನಲ್ಲಿ. ಗಂಡ ತೀರಿಕೊಂಡರೆ ಅಥವಾ ವಿಚ್ಛೇದನವಾದರೆ, ದಶಕಗಟ್ಟಲೆ ಬಿಲ್ ಕಟ್ಟಿದ ಹೆಂಗಸೂ ಲೆಕ್ಕಕ್ಕೆ ಇಲ್ಲದವಳು. 1974ರ ಸಮಾನ ಸಾಲಾವಕಾಶ ಕಾಯಿದೆ ಲಿಂಗ ಹಾಗೂ ವೈವಾಹಿಕ ಸ್ಥಿತಿಯ ನೆಪ ಒಡ್ಡಿ ಸಾಲ ನಿರಾಕರಿಸುವುದನ್ನು ನಿಷೇಧಿಸಿತು. ಎರಡು ವರ್ಷಗಳ ನಂತರ ಜನಾಂಗ, ಧರ್ಮ, ಮೂಲದೇಶಗಳೂ ಈ ಪಟ್ಟಿಗೆ ಸೇರಿದವು.

ಮನುಷ್ಯನ ಅಭಿಪ್ರಾಯದ ಜಾಗಕ್ಕೆ ಗಣಿತ ಬಂದದ್ದು ಇದೇ ಕಾಲದಲ್ಲಿ. ಎಂಜಿನಿಯರ್ ಬಿಲ್ ಫೇರ್ ಮತ್ತು ಗಣಿತಜ್ಞ ಅರ್ಲ್ ಐಸಾಕ್ 1956ರಲ್ಲಿ ಕಟ್ಟಿದ ಸಂಸ್ಥೆ 1989ರಲ್ಲಿ ಎಲ್ಲರಿಗೂ ಅನ್ವಯವಾಗುವ ಅಂಕವೊಂದನ್ನು ತಂದಿತು: 300ರಿಂದ 850ರವರೆಗಿನ ‘ಫೈಕೊ’ ಅಂಕ. ಅದಕ್ಕೆ ಬಣ್ಣ, ಜಾತಿ, ಧರ್ಮ ಬೇಕಿಲ್ಲ. ಹಿಂದಿನ ಸಾಲದ ನಡವಳಿಕೆ ಸಾಕು. ಆದರೆ ಕನಿಷ್ಠ ಆರು ತಿಂಗಳು ಹಳೆಯ ಖಾತೆ ಒಂದಾದರೂ ಇರಬೇಕು. ಹೊಸದಾಗಿ ಬಂದವನಿಗೆ ಸಿಗುವುದು ಸೊನ್ನೆ ಅಂಕವಲ್ಲ, ಅಂಕವೇ ಇಲ್ಲ. ಯಂತ್ರದ ದೃಷ್ಟಿಯಲ್ಲಿ ಅವನು ಕೆಟ್ಟವನಲ್ಲ, ಅಪರಿಚಿತ. ಅಪರಿಚಿತನನ್ನೂ ಕೆಟ್ಟವನನ್ನೂ ಕೌಂಟರಿನಲ್ಲಿ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೇ ತೊಂದರೆ.

ನಮ್ಮವರು ದಾರಿ ಕಂಡುಕೊಂಡರು. ಠೇವಣಿ ಇಟ್ಟು ಕ್ರೆಡಿಟ್ ಕಾರ್ಡ್ ಪಡೆದು, ಬೇಕಿಲ್ಲದಿದ್ದರೂ ಸಣ್ಣಪುಟ್ಟ ಸಾಮಾನು ಕೊಂಡು, ತಿಂಗಳು ತಿಂಗಳು ತೀರಿಸಿ ‘ಇತಿಹಾಸ’ ಬೆಳೆಸಿದರು. ಮೊದಲೇ ಬಂದು ನೆಲೆಸಿದ ಗೆಳೆಯನ ಖಾತೆಯಲ್ಲಿ ಇನ್ನೊಂದು ಫೋನಾಗಿ ಸೇರಿಕೊಂಡವರೂ ಉಂಟು. ಬ್ರಿಟನ್ನಿನಲ್ಲಿ ಇನ್ನೊಂದು ಬಾಗಿಲಿದೆ. ಅಲ್ಲಿ ಕಂಪನಿಗಳು ಮತದಾರರ ಪಟ್ಟಿಯಲ್ಲಿ ಹೆಸರು, ವಿಳಾಸ ನೋಡುತ್ತವೆ. ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಅಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯರೂ ಆ ಪಟ್ಟಿ ಸೇರಬಹುದು. ಸಾಮ್ರಾಜ್ಯದ ಹಳೆಯ ನಂಟು ಫೋನಿನ ಕರಾರಿಗೆ ಒದಗುವುದು ಇತಿಹಾಸದ ತಮಾಷೆಯೇ ಸರಿ.

ನಿಜವಾದ ಬಿಡುಗಡೆ ಬಂದದ್ದು ಬೇರೆ ಕಡೆಯಿಂದ. 1995ರಲ್ಲಿ ಪೋರ್ಚುಗಲ್‌ನ ಟಿಎಂಎನ್ ಕಂಪನಿ ‘ಮಿಮೊ’ ಎಂಬ ಪ್ರಿಪೇಯ್ಡ್ ಸೇವೆ ಆರಂಭಿಸಿತು. ಮೊದಲು ಹಣ, ಆಮೇಲೆ ಮಾತು. ಕರಾರಿಲ್ಲ, ಬಿಲ್ಲಿಲ್ಲ, ವಿಚಾರಣೆಯಿಲ್ಲ. ಅದೇ ವರ್ಷ ಜುಲೈ 31ರಂದು ಕಲ್ಕತ್ತಾದಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಚಿವ ಸುಖರಾಮ್ ಅವರಿಗೆ ಕರೆ ಮಾಡಿ ಭಾರತದ ಮೊಬೈಲ್ ಯುಗವನ್ನು ಆರಂಭಿಸಿದರು. ಸ್ಥಿರ ದೂರವಾಣಿಗೆ ಠೇವಣಿ ಕಟ್ಟಿ ವರ್ಷಗಟ್ಟಲೆ ಕಾದಿದ್ದ ದೇಶ, ಪ್ರಿಪೇಯ್ಡ್ ಬಂದ ಮೇಲೆ ಬೀಡಾ ಅಂಗಡಿಯಲ್ಲೇ ಹತ್ತು ರೂಪಾಯಿಯ ಟಾಪ್‌ಅಪ್ ಹಾಕಿಸಿಕೊಂಡಿತು. ತರಕಾರಿ ಮಾರುವವಳಿಗೂ ಗಾರೆ ಕೆಲಸದವನಿಗೂ ಫೋನು ಬಂದದ್ದು ಹೀಗೆ. ಇಲ್ಲಿ ಸಿಮ್ ಕೊಡುವಾಗ ಕೇಳುವ ಗುರುತಿನ ಚೀಟಿ ನೀವು ಯಾರೆಂದು ತಿಳಿಯಲು. ಸಾಲ ತೀರಿಸುವಿರೋ ಎಂದು ತಿಳಿಯಲು ಅಲ್ಲ.

ಇದರಲ್ಲೊಂದು ಸೂಕ್ಷ್ಮವಿದೆ. ಪ್ರಿಪೇಯ್ಡ್‌ನಲ್ಲಿ ಸಾಲ ಕೊಡುವವನು ಗಿರಾಕಿ, ಪಡೆಯುವುದು ಕಂಪನಿ. ವರ್ಷಾನುಗಟ್ಟಲೆ ಮುಂಗಡ ಹಣ ಕೊಟ್ಟ ಬಡವನ ಈ ಪ್ರಾಮಾಣಿಕತೆ ಮಾತ್ರ ಯಾವ ಸಾಲದ ಕಡತದಲ್ಲೂ ದಾಖಲಾಗಲಿಲ್ಲ. ನಮ್ಮಲ್ಲೂ 2000ದಲ್ಲಿ ಸಿಬಿಲ್ ಸ್ಥಾಪನೆಯಾಗಿ, 2005ರಲ್ಲಿ ಅದಕ್ಕೆ ಕಾಯಿದೆಯ ಬಲ ಬಂದು, 300ರಿಂದ 900ರ ಅಂಕ ಮನೆಮಾತಾಯಿತು. ಫೋನಿಗೆ ಬೇಕಾಗದ ಇತಿಹಾಸ ಈಗ ಮನೆಸಾಲಕ್ಕೆ, ಸ್ಕೂಟರ್ ಸಾಲಕ್ಕೆ ಬೇಕು. ಮೊದಲ ಸಲ ಸಾಲ ಕೇಳುವವರನ್ನು ಇತಿಹಾಸವಿಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು 2025ರ ಜನವರಿಯ ನಿರ್ದೇಶನದಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಬೇಕಾಯಿತು.

ಕಿರಾಣಿ ಅಂಗಡಿಯವನ ಪುಸ್ತಕದಲ್ಲಿ ಬಾಕಿ ಮಾತ್ರ ಇರುತ್ತಿತ್ತು. ಮನುಷ್ಯ ಅವನ ನೆನಪಿನಲ್ಲಿರುತ್ತಿದ್ದ. ಪುಸ್ತಕ ದೊಡ್ಡದಾಗುತ್ತ ಹೋದಂತೆ ನೆನಪು ಬಿಟ್ಟುಹೋಯಿತು. ಸಾಲ ಮಾಡದವನನ್ನು ಹೇಗೆ ನಂಬುವುದೆಂಬುದು ಲಂಡನ್ನಿನ ದರ್ಜಿಗಳು ಎಂದೂ ಕೇಳಿಕೊಳ್ಳದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಕೆಲಸ ನಮ್ಮ ಕಾಲದ ಪಾಲಿಗೆ ಬಂದಿದೆ.