ಕಾರಿನ ಗಾಜಿಗೆ ವಿಮೆ ಇದೆ, ಒಳಗಿದ್ದ ಬ್ಯಾಗಿಗೆ?

ರಸ್ತೆ ಬದಿ ಕಾರು ನಿಲ್ಲಿಸಿ ಊಟ ಮುಗಿಸಿ ಬರೋಷ್ಟರಲ್ಲಿ ಹಿಂದಿನ ಕಿಟಕಿ ಪುಡಿಪುಡಿ, ಸೀಟಿನ ಮೇಲಿದ್ದ ಲ್ಯಾಪ್‌ಟಾಪ್ ಬ್ಯಾಗ್ ಮಾಯ. ಬೆಂಗಳೂರಿನವರಿಗೆ ಇದು ಹೊಸ ಕತೆಯೇನಲ್ಲ. ಇಂಥ ಹೊತ್ತಲ್ಲಿ ಪಕ್ಕದಲ್ಲಿರುವ ಗೆಳೆಯರು ಸಮಾಧಾನಕ್ಕೆ ಹೇಳುವ ಮಾತು ಒಂದೇ: "ಬಿಡು ಮಗಾ, ಬಂಪರ್ ಟು ಬಂಪರ್ ಇನ್ಶೂರೆನ್ಸ್ ಇದೆಯಲ್ಲ."

ಇದೆ, ಆದರೆ ಅದು ಕಾರಿಗೆ. ಬಂಪರಿನಿಂದ ಬಂಪರಿನ ನಡುವೆ ನೀವು ಇಟ್ಟ ಬ್ಯಾಗಿಗಲ್ಲ.

ನಮ್ಮಲ್ಲಿ ಕಾನೂನು ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಕೇಳೋದು ಅಷ್ಟನ್ನೇ. ನಿಮ್ಮ ಕಾರಿನಿಂದ ಇನ್ನೊಬ್ಬರಿಗೆ ಆದ ಹಾನಿಯನ್ನು ಅದು ತುಂಬಿಕೊಡುತ್ತೆ. ಇದೊಂದೇ ಇದ್ದರೆ ಕಾರಿಗೆ ಕಾರೇ ಕಳವಾದರೂ ಒಂದು ರೂಪಾಯಿ ಬರಲ್ಲ. ಜತೆಗೆ ಓನ್ ಡ್ಯಾಮೇಜ್ ವಿಮೆಯೂ ಇದ್ದರೆ ಬೆಂಕಿ, ಅಪಘಾತ, ಪ್ರವಾಹ, ಕಳವುಗಳಿಂದ ಕಾರಿಗೂ ಕಾರಿನಲ್ಲಿ ಅಳವಡಿಸಿದ ಭಾಗಗಳಿಗೂ ರಕ್ಷಣೆ ಸಿಗುತ್ತೆ. ಕಂಪನಿಯಿಂದಲೇ ಬಂದ ಸ್ಟೀರಿಯೊ ಕಿತ್ತುಕೊಂಡು ಹೋದರೆ ಕ್ಲೇಮ್ ಆಗುತ್ತೆ. ನೀವೇ ಆಮೇಲೆ ಹಾಕಿಸಿದ್ದಾದರೆ ಅದರ ಮೌಲ್ಯವನ್ನು ಮೊದಲೇ ಘೋಷಿಸಿ, ಅದಕ್ಕೆ ಪ್ರತ್ಯೇಕ ಪ್ರೀಮಿಯಂ ಕಟ್ಟಿರಬೇಕು. ಲ್ಯಾಪ್‌ಟಾಪ್, ಫೋನು, ಕ್ಯಾಮೆರಾ, ಒಡವೆ ಈ ಲೆಕ್ಕಕ್ಕೇ ಬರಲ್ಲ.

ಹಾಗಾದರೆ ಒಡೆದ ಗಾಜಿನ ದುಡ್ಡನ್ನಾದರೂ ಪಡೆಯೋಣ ಅಂದುಕೊಳ್ತೀರಿ. ಪಡೆಯಬಹುದು. ಗಾಜಿನ ಮೇಲೆ ಸವಕಳಿ ಕಡಿತವೂ ಇಲ್ಲ. ಆದರೆ 1500 ಸಿಸಿವರೆಗಿನ ಕಾರಿಗೆ ಮೊದಲ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000 ರೂಪಾಯಿ ನೀವೇ ಭರಿಸಬೇಕು. ನಿಜವಾದ ಪೆಟ್ಟು ಇದಲ್ಲ, ನೋ ಕ್ಲೇಮ್ ಬೋನಸ್ಸು. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ಈ ರಿಯಾಯಿತಿ 20, 25, 35, 45, 50 ಶೇಕಡಾ ಹೀಗೆ ಏರುತ್ತೆ. ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತೆ. ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ ಪೂರ್ತಿಯಾಗಿ 10,000 ರೂಪಾಯಿ, ಈಗ 50 ಶೇಕಡಾ ಬೋನಸ್ಸಿನಿಂದ 5,000 ಕಟ್ಟುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಕ್ಲೇಮ್ ಮಾಡಿದ ಮೇಲೆ ಮುಂದಿನ ವರ್ಷಗಳಲ್ಲಿ ಕಟ್ಟೋದು 10,000, 8,000, 7,500, 6,500, 5,500. ಪ್ರೀಮಿಯಂ ದರ ಬದಲಾಗಲಿಲ್ಲ ಅಂದುಕೊಂಡರೂ ಹೆಚ್ಚುವರಿ ಹೊರೆ ಒಟ್ಟು 12,500 ರೂಪಾಯಿ. ಬೋನಸ್ ಕಾಪಾಡುವ ಆಡ್-ಆನ್ ಇಲ್ಲದಿದ್ದರೆ, ಒಂದು ಬಾಗಿಲ ಗಾಜಿಗೆ ನಾಲ್ಕೈದು ಸಾವಿರ ಖರ್ಚಾಗುವ ಕಾರಿನವರು ಕ್ಲೇಮ್ ಮಾಡದಿರೋದೇ ಲಾಭ. ಸರ್ವಿಸ್ ಸೆಂಟರಿನವರು ಈ ಗಣಿತ ಹೇಳಿಕೊಡಲ್ಲ.

ಬ್ಯಾಗಿಗೆ ರಕ್ಷಣೆ ಎಲ್ಲಿದೆ?

ಒಂದು ದಾರಿ, ಕಾರಿನ ಪಾಲಿಸಿಗೇ ಸೇರಿಸುವ 'ಲಾಸ್ ಆಫ್ ಪರ್ಸನಲ್ ಬಿಲಾಂಗಿಂಗ್ಸ್' ಎಂಬ ಆಡ್-ಆನ್. ಹಲವು ಕಂಪನಿಗಳು ಕೊಡುತ್ತವೆ. ಹೆಸರು ನೋಡಿ ಮಾರುಹೋಗಬೇಡಿ, ಪರಿಹಾರಕ್ಕೆ ಮಿತಿ ಇರುತ್ತೆ. ನಗದು, ಒಡವೆಯಂಥ ಬೆಲೆಬಾಳುವ ವಸ್ತುಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಲ್ಯಾಪ್‌ಟಾಪ್ ವಿಚಾರದಲ್ಲಿ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ. ಹಾಗಾಗಿ ಏಜೆಂಟ್ ಹತ್ರ "ಬಿಲಾಂಗಿಂಗ್ಸ್ ಕವರ್ ಇದೆಯಾ" ಅಂತ ಕೇಳಿದರೆ ಸಾಲದು. "ಲ್ಯಾಪ್‌ಟಾಪ್ ಅಂತ ಬರೆದಿರೋ ಸಾಲು ತೋರಿಸಿ" ಅಂತ ಕೇಳಿ.

ಇನ್ನೊಂದು ದಾರಿ ಮನೆ ವಿಮೆ. ಇಲ್ಲಿಯೂ ಎಡವುವ ಜಾಗ ಇದೆ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 'ಭಾರತ್ ಗೃಹ ರಕ್ಷಾ' ಮನೆಗೂ ಮನೆಯ ಸಾಮಾನಿಗೂ ಒಳ್ಳೆಯ ಪಾಲಿಸಿಯೇ. ಆದರೆ ಅದರಲ್ಲಿ ಕಳವಿಗೆ ಪರಿಹಾರ ಸಿಗೋದು ಬೆಂಕಿ, ಪ್ರವಾಹದಂಥ ಘಟನೆ ನಡೆದು, ಅದರಿಂದಾಗಿ 7 ದಿನದೊಳಗೆ ಕಳವಾದರೆ ಮಾತ್ರ. ಮಾಮೂಲಿ ಕಳ್ಳತನಕ್ಕೆ ಬೇರೆಯದೇ ಕವರ್ ಬೇಕು. ಮನೆಯಾಚೆಯೂ ನಿಮ್ಮ ಜತೆ ಓಡಾಡುವ ವಸ್ತುವಿಗೆ 'ಆಲ್ ರಿಸ್ಕ್' ವಿಮೆ ಅಂತ ಒಂದಿದೆ. ವಸ್ತುವಿನ ಹೆಸರು, ಸೀರಿಯಲ್ ನಂಬರ್, ಮೌಲ್ಯ ಬರೆಸಿ ಮಾಡಿಸುವಂಥದ್ದು. ಕಾರಿನಿಂದ ಕಳವಾದ ಕ್ಯಾಮೆರಾಕ್ಕೆ ಹೆಚ್ಚು ಹೊಂದುವ ಪಾಲಿಸಿ ಇದೇ. ಆಫೀಸಿನ ಲ್ಯಾಪ್‌ಟಾಪ್ ಆದರೆ ಕಂಪನಿಯೇ ವಿಮೆ ಮಾಡಿಸಿದೆಯಾ ಅಂತ ಎಚ್‌ಆರ್‌ಗೆ ಇವತ್ತೇ ಒಂದು ಮೇಲ್ ಹಾಕಿ.

ಈ 'ಆಲ್ ರಿಸ್ಕ್' ಅನ್ನೋ ಹೆಸರೂ ಅರ್ಧ ಸುಳ್ಳು. ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರುವ ಒಂದು ಷರತ್ತಿನ ಸಾರ ಇದು: ಕಾರು ಎಲ್ಲ ಕಡೆಯಿಂದ ಮುಚ್ಚಿದ್ದಿರಬೇಕು, ಕಳವಿನ ಹೊತ್ತಿಗೆ ಎಲ್ಲ ಬಾಗಿಲು, ಕಿಟಕಿಗಳೂ ಭದ್ರವಾಗಿ ಲಾಕ್ ಆಗಿರಬೇಕು. ಇದನ್ನು ಬೆಂಗಳೂರಿನ ರಸ್ತೆಗೆ ತಂದು ನೋಡಿ. "ಸಾರ್, ನಿಮ್ಮ ದುಡ್ಡು ಬಿದ್ದಿದೆ" ಅಂತ ಒಬ್ಬ ಹೇಳ್ತಾನೆ, ನೀವು ಇಳೀತೀರಿ, ಇನ್ನೊಬ್ಬ ಆ ಕಡೆ ಬಾಗಿಲು ತೆಗೆದು ಬ್ಯಾಗ್ ಎತ್ತಿಕೊಂಡು ಹೋಗ್ತಾನೆ. 'ಗಮನ ಬೇರೆಡೆ ಸೆಳೆದು ಕಳವು' ಅಂತ ಪತ್ರಿಕೆಗಳಲ್ಲಿ ವರ್ಷಗಳಿಂದ ಓದುತ್ತಿದ್ದೇವಲ್ಲ, ಅದೇ. ಬಾಗಿಲು ಲಾಕ್ ಆಗಿರಲಿಲ್ಲ, ಆದ್ದರಿಂದ ಕ್ಲೇಮ್ ತಿರಸ್ಕಾರ. ಗ್ರಾಹಕ ಅತಿ ಹೆಚ್ಚು ಮೋಸಹೋಗುವ ಜಾಗದಲ್ಲೇ ರಕ್ಷಣೆ ನಿಂತುಹೋಗುತ್ತೆ. ಗಾಜು ಒಡೆದಿದ್ದರೆ ಮಾತ್ರ ನೀವು ಗಟ್ಟಿ. ಅದಕ್ಕೇ ಚೂರುಗಳನ್ನು ಗುಡಿಸುವ ಮೊದಲು ಕಾರಿನ ಫೋಟೊ, ವಿಡಿಯೊ ತೆಗೆದಿಡಿ.

'ಕಳೆದಿದೆ' ಬೇರೆ, 'ಕಳವಾಗಿದೆ' ಬೇರೆ

ಪೊಲೀಸ್ ಠಾಣೆಯಲ್ಲಿ ಒಂದು ಪದದ ಮೇಲೆ ಎಲ್ಲ ನಿಂತಿದೆ. "ಇ-ಲಾಸ್ಟ್‌ನಲ್ಲಿ ಹಾಕ್ಕೊಳ್ಳಿ, ಬೇಗ ಆಗುತ್ತೆ" ಅನ್ನುವ ಸಲಹೆ ಬಂದರೆ ಒಪ್ಪಬೇಡಿ. ಕರ್ನಾಟಕ ಪೊಲೀಸರ ಇ-ಲಾಸ್ಟ್ ಇರುವುದು ಕಳೆದುಹೋದ ವಸ್ತುಗಳಿಗೆ. ನಿಮ್ಮ ಕೈಯಾರೆ 'ಕಳೆದುಹೋಗಿದೆ' ಅಂತ ನಮೂದಿಸಿದ ಮೇಲೆ, ಕಳವಿಗೆ ಪರಿಹಾರ ಕೊಡುವ ವಿಮಾ ಕಂಪನಿಗೆ ಬಾಗಿಲು ಹಾಕೋಕೆ ನೀವೇ ಚಿಲಕ ಕೊಟ್ಟಂತೆ.

ಬೇಕಿರುವುದು ಎಫ್‌ಐಆರ್. 2024ರ ಜುಲೈ 1ರಿಂದ ಕಳವಿಗೆ ಐಪಿಸಿ 379ರ ಬದಲು ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಅನ್ವಯಿಸುತ್ತೆ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಕೃತ್ಯ ಯಾವ ಠಾಣೆ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ಪಡೆಯಬೇಕು. ಆನ್‌ಲೈನಲ್ಲಿ ಕಳಿಸಿದರೆ 3 ದಿನದೊಳಗೆ ಸಹಿ ಹಾಕಬೇಕು. ಪ್ರತಿ ಉಚಿತ. ಠಾಣೆಯವರು ನಿರಾಕರಿಸಿದರೆ ಮೇಲಧಿಕಾರಿಗೆ ಲಿಖಿತವಾಗಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ದೂರಿನಲ್ಲಿ ಪ್ರತಿ ವಸ್ತುವನ್ನೂ ಸೀರಿಯಲ್ ನಂಬರ್ ಸಮೇತ ಬರೆಸಿ. ಎಫ್‌ಐಆರ್‌ನಲ್ಲಿ ಇಲ್ಲದ ಕ್ಯಾಮೆರಾವನ್ನು ಕ್ಲೇಮ್ ಫಾರಂನಲ್ಲಿ ಸೇರಿಸಿದರೆ ಅನುಮಾನ ನಿಮ್ಮ ಮೇಲೇ. ತಿಂಗಳುಗಳ ನಂತರ ಕಂಪನಿ 'ಸಿ ರಿಪೋರ್ಟ್' ಕೇಳಬಹುದು. ಕಳ್ಳ ಪತ್ತೆಯಾಗಲಿಲ್ಲ ಅಂತ ಪೊಲೀಸರು ಕೋರ್ಟಿಗೆ ಕೊಡುವ ವರದಿ ಅದು.

ವಿಮಾ ಕಂಪನಿಗೂ ಆವತ್ತೇ ತಿಳಿಸಿ. ತಡವಾದರೂ ಕೈಚೆಲ್ಲಬೇಕಿಲ್ಲ. ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಕಳವಾದ ಕೂಡಲೇ ಎಫ್‌ಐಆರ್ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಅನ್ನೋ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದಿದೆ. ಅದು ವಾಹನ ಕಳವಿನ ಪ್ರಕರಣ. ಬ್ಯಾಗಿನ ವಿಚಾರಕ್ಕೂ ಅದೇ ತರ್ಕವನ್ನು ಮುಂದಿಡಬಹುದು.

'ಪಾರ್ಕಿಂಗ್ ಅಟ್ ಓನರ್ಸ್ ರಿಸ್ಕ್' ಬೋರ್ಡಿನ ವಿಚಾರಕ್ಕೆ ಬಂದರೆ, ಆ ನಾಲ್ಕು ಪದ ಬ್ರಹ್ಮಾಸ್ತ್ರವೇನಲ್ಲ. ದಿಲ್ಲಿಯ ತಾಜ್ ಮಹಲ್ ಹೋಟೆಲಿನ ವ್ಯಾಲೆಟ್‌ಗೆ ಒಪ್ಪಿಸಿದ್ದ ಮಾರುತಿ ಜೆನ್ 1998ರಲ್ಲಿ ಕಳವಾಗಿತ್ತು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಕೀ ಪಡೆದ ಮೇಲೆ ಕಾರಿನ ಜವಾಬ್ದಾರಿ ಹೋಟೆಲಿನದು, ತನ್ನ ನಿರ್ಲಕ್ಷ್ಯಕ್ಕೆ ಚೀಟಿಯ ಮೇಲಿನ ಒಕ್ಕಣೆಯನ್ನು ಗುರಾಣಿ ಮಾಡಿಕೊಳ್ಳುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಕೀ ನಿಮ್ಮ ಜೇಬಲ್ಲೇ ಇದ್ದು, ಬರೀ ಜಾಗಕ್ಕೆ ಮೂವತ್ತು ರೂಪಾಯಿ ಕೊಟ್ಟಿದ್ದರೆ ವಾದ ತುಂಬಾ ದುರ್ಬಲ. ಒಳಗಿದ್ದ ಬ್ಯಾಗಿಗಂತೂ ಇನ್ನೂ ಕಷ್ಟ, ಬ್ಯಾಗ್ ಇತ್ತು ಅಂತ ಸಾಬೀತು ಮಾಡೋದೇ ಒಂದು ಕೆಲಸ.

ಕ್ಲೇಮ್ ತಿರಸ್ಕೃತವಾದರೆ ಕಾರಣವನ್ನೂ ಷರತ್ತಿನ ಸಂಖ್ಯೆಯನ್ನೂ ಲಿಖಿತವಾಗಿ ಕೇಳಿ. ಮೊದಲು ಕಂಪನಿಗೇ ದೂರು ಕೊಡಿ. ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ, ಬೆಂಗಳೂರಲ್ಲೇ ಕಚೇರಿ ಇದೆ. ಆದೇಶ ಕಂಪನಿಯನ್ನು ಕಟ್ಟಿಹಾಕುತ್ತೆ, ನಿಮ್ಮನ್ನಲ್ಲ. ಸಮಾಧಾನ ಆಗದಿದ್ದರೆ ಗ್ರಾಹಕ ಆಯೋಗ ಇದ್ದೇ ಇದೆ, ಅಲ್ಲಿಗೆ 2 ವರ್ಷದ ಗಡುವು.

ಇಷ್ಟೂ ಕಾರಿನವರ ಮಾತಾಯ್ತು. ಬ್ಯಾಂಕಿನಿಂದ ದುಡ್ಡು ತೆಗೆದು ಸ್ಕೂಟರಿನ ಡಿಕ್ಕಿಯಲ್ಲಿಟ್ಟು, ದಾರಿಯಲ್ಲಿ ತರಕಾರಿಗೆ ನಿಂತಾಗ ಕಳಕೊಂಡವರ ಸುದ್ದಿ ಜಿಲ್ಲಾ ಪುಟಗಳಲ್ಲಿ ಬರ್ತಾನೇ ಇರುತ್ತೆ. ದ್ವಿಚಕ್ರ ವಾಹನದ ಪಾಲಿಸಿಯಲ್ಲಿ, ಗಾಡಿಯೂ ಜತೆಗೇ ಕಳವಾಗದ ಹೊರತು ಬಿಡಿಭಾಗದ ಕಳವಿಗೂ ಪರಿಹಾರ ಇಲ್ಲ. 'ಲಾಕ್ ಮಾಡಿದ ಕಾರು' ಅನ್ನೋ ಷರತ್ತಿಗೆ ಸ್ಕೂಟರಿನ ಡಿಕ್ಕಿ ಹೊಂದಲ್ಲ. ಲ್ಯಾಪ್‌ಟಾಪ್ ಹೊತ್ತ ಟೆಕ್ಕಿಗೆ ದುಡ್ಡು ಕೊಟ್ಟು ಕೊಳ್ಳಬಹುದಾದ ಒಂದು ಪಾಲಿಸಿಯಾದರೂ ಇದೆ. ಸಂಘದ ಸಾಲದ ದುಡ್ಡು ಡಿಕ್ಕಿಯಲ್ಲಿಟ್ಟ ಅಕ್ಕನಿಗೆ ಸದ್ಯಕ್ಕೆ ಉಳಿಯೋದು ಎಫ್‌ಐಆರ್ ಒಂದೇ.