ಜನರಿಲ್ಲದ ಹಂಪಿ ಮತ್ತು ಒಂದು ದೊಡ್ಡ ಕ್ಯಾಮೆರಾ

ಭಾರತಕ್ಕೆ ಹೊರಟವನು ಎಂಥ ಕ್ಯಾಮೆರಾ ಕೊಳ್ಳಬೇಕು ಎಂಬ ಪ್ರಶ್ನೆಗೆ ೧೮೫೬ರಲ್ಲೇ ಅಚ್ಚಾದ ಉತ್ತರವೊಂದಿದೆ. ಬರೆದವನು ಜಾನ್ ಮೆಕಾಷ್, ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯ ವೈದ್ಯ. ಎರಡನೇ ಸಿಖ್ ಯುದ್ಧದಲ್ಲೂ ಎರಡನೇ ಬರ್ಮಾ ಯುದ್ಧದಲ್ಲೂ ತನ್ನ ವೈದ್ಯವೃತ್ತಿಯ ನಡುವೆಯೇ ಚಿತ್ರ ತೆಗೆದ ಹವ್ಯಾಸಿ. ಇಲ್ಲಿಗೆ ಬರುವ ಅಧಿಕಾರಿಗಳಿಗೆಂದು ಬರೆದ ಸಲಹೆಯ ಪುಸ್ತಕದಲ್ಲಿ ಆತ ಹೇಳುವುದರ ಸಾರ ಇಷ್ಟು: ಕ್ಯಾಮೆರಾ ಒಳ್ಳೆಯ ಗಟ್ಟಿ ಮಹಾಗನಿ ಮರದ್ದಾಗಿರಲಿ, ಹಿತ್ತಾಳೆಯ ಪಟ್ಟಿ ಬಿಗಿದಿರಲಿ, ಇಲ್ಲಿನ ಬಿಸಿಲನ್ನು ತಡೆಯುವಂತಿರಲಿ, ಭಾರತಕ್ಕೆಂದೇ ಹಗುರವಾಗಿ ಮಾಡಿ ಮಾರುವ ಮಡಚುವ ಕ್ಯಾಮೆರಾಗಳನ್ನು ನೆಚ್ಚಿಕೊಳ್ಳಬೇಡಿ, ಅವು ಬೇಗ ಕೈಕೊಡುತ್ತವೆ.

ನಮ್ಮ ಹಾಸ್ಟೆಲಿನಲ್ಲಿ ಇಂದಿಗೂ ಮುಗಿಯದ ಜಗಳ ಇದೇ. ಮಿರರ್‌ಲೆಸ್ ಹಗುರ ಎನ್ನುವವರೊಂದು ಗುಂಪು, ಹಳೆಯ ಡಿಎಸ್‌ಎಲ್‌ಆರ್ ಕೆಳಗೆ ಬಿದ್ದರೂ ಬದುಕುತ್ತದೆ ಎನ್ನುವವರೊಂದು ಗುಂಪು. ಫೆಲೋಶಿಪ್ ಹಣ ಒಟ್ಟಿಗೆ ಬಂದ ತಿಂಗಳು ನಾನೂ ಸೆಕೆಂಡ್ ಹ್ಯಾಂಡ್ ಕ್ಯಾಮೆರಾವೊಂದನ್ನು ಕೊಂಡು ಎರಡನೇ ಗುಂಪಿಗೆ ಸೇರಿದೆ. ಹತ್ತೊಂಬತ್ತನೇ ಶತಮಾನದ ದಖನ್ನಿನ ಊರುಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನನಗೆ ಹಳೆಯ ಫೋಟೋಗಳು ಆಕರ ಸಾಮಗ್ರಿ. ಕಡತ, ಶಾಸನಗಳಂತೆಯೇ ಅವನ್ನೂ ಓದಬೇಕು. ಆದರೆ ಶಾಸನ ಓದುವಾಗ ಕಲ್ಲು ಯಾವುದು, ಲಿಪಿ ಯಾವ ಕಾಲದ್ದು ಎಂದು ವಿಚಾರಿಸುವ ನಾವು ಫೋಟೋ ಓದುವಾಗ ಕ್ಯಾಮೆರಾ ಎಂಥದ್ದಿತ್ತು ಎಂದು ಕೇಳುವುದು ಅಪರೂಪ. ಕೇಳಬೇಕು ಎಂಬುದು ನನ್ನ ವಾದ. ಕರ್ನಾಟಕದ ಮೊದಲ ಫೋಟೋಗಳ ಮಟ್ಟಿಗಂತೂ ಅದು ಬರೀ ತಾಂತ್ರಿಕ ಕುತೂಹಲವಲ್ಲ.

ಈ ಮೊದಲ ಫೋಟೋಗಳನ್ನು ತೆಗೆದವರಲ್ಲಿ ಹೆಚ್ಚಿನವರು ಸಿಪಾಯಿ ಪಡೆಗಳ ಅಧಿಕಾರಿಗಳು, ಸೇನೆಯ ವೈದ್ಯರು. ಲಿನೇಯಸ್ ಟ್ರೈಪ್ ಮದರಾಸು ಸೇನೆಯ ೧೨ನೇ ಪದಾತಿ ದಳದವನು. ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ ಈ ಕಲೆ ಕಲಿತು ೧೮೫೪ರಲ್ಲಿ ಬೆಂಗಳೂರಿಗೆ ಮರಳಿದ. ಅದೇ ವರ್ಷದ ಡಿಸೆಂಬರಿನಲ್ಲಿ ಡಾ. ಆಂಡ್ರ್ಯೂ ನೀಲ್ ಎಂಬ ವೈದ್ಯನ ಜತೆ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳನ್ನು ಸುತ್ತಿದ. ಉತ್ತರದ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಚಿತ್ರ ತೆಗೆದ ಥಾಮಸ್ ಬಿಗ್ಸ್ ಬಾಂಬೆಯ ಫಿರಂಗಿ ದಳದವನು. ಆತನನ್ನು ಸೇನೆ ವಾಪಸು ಕರೆಸಿಕೊಂಡಾಗ ಆ ಕೆಲಸ ಮುಂದುವರಿಸಿದ ವಿಲಿಯಂ ಪಿಗೌ ಕೂಡ ವೈದ್ಯನೇ. ನೀಲ್, ಬಿಗ್ಸ್, ಪಿಗೌ ಮೂವರ ಚಿತ್ರಗಳು ೧೮೬೬ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗೆಗಿನ ದೊಡ್ಡ ಗ್ರಂಥದಲ್ಲಿ ಪ್ರಕಟವಾದವು. ಅದಕ್ಕೆ ಬರೆಹ ಒದಗಿಸಿದವರು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್. ಹಂಪಿಗೆ ೧೮೫೬ರಲ್ಲಿ ಕ್ಯಾಮೆರಾ ಒಯ್ದ ಅಲೆಕ್ಸಾಂಡರ್ ಗ್ರೀನ್‌ಲಾ ಮದರಾಸು ಸೇನೆಯ ಇನ್ನೊಬ್ಬ ಅಧಿಕಾರಿ.

ಈ ಹವ್ಯಾಸಿಗಳ ಎದುರು ಎರಡು ದಾರಿಗಳಿದ್ದವು: ಕಾಗದ ಅಥವಾ ಗಾಜು. ಕಾಗದದ ನೆಗೆಟಿವ್‌ಗೆ ಟಾಲ್‌ಬಟ್ ೧೮೪೧ರಲ್ಲಿ ಪೇಟೆಂಟ್ ಪಡೆದಿದ್ದ. ಹತ್ತು ವರ್ಷದ ಬಳಿಕ, ೧೮೫೧ರಲ್ಲಿ, ಒಂದೇ ವರ್ಷ ಎರಡು ಹೊಸ ವಿಧಾನಗಳು ಬಂದವು. ಇಂಗ್ಲೆಂಡಿನಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರನ ಗಾಜಿನ ಪ್ಲೇಟು, ಫ್ರಾನ್ಸಿನಲ್ಲಿ ಗುಸ್ತಾವ್ ಲ ಗ್ರೇಯ ಮೇಣದ ಕಾಗದ. ಗಾಜಿನ ಮೇಲೆ ಚಿತ್ರ ಅದ್ಭುತವಾಗಿ ಮೂಡುತ್ತಿತ್ತು, ಬೇಗವೂ ಮೂಡುತ್ತಿತ್ತು. ಆದರೆ ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿದ ಕೊಲೋಡಿಯನ್ ಅನ್ನು ಗಾಜಿಗೆ ಹೊಯ್ದು, ಅದು ಒದ್ದೆಯಾಗಿರುವಾಗಲೇ ಚಿತ್ರ ತೆಗೆದು, ಆರುವ ಮೊದಲೇ ತೊಳೆದು ಮುಗಿಸಬೇಕು. ಹೋದಲ್ಲೆಲ್ಲ ಒಂದು ಕತ್ತಲೆಯ ಗುಡಾರ ಜತೆಗಿರಬೇಕು. ನಮ್ಮ ಬಯಲುಸೀಮೆಯ ಮಧ್ಯಾಹ್ನದಲ್ಲಿ ಈಥರ್ ಎಷ್ಟು ಹೊತ್ತು ನಿಂತೀತು!

ಮೇಣದ ಕಾಗದದ್ದು ಇನ್ನೊಂದು ಬಗೆಯ ತಾಳ್ಮೆ. ತೆಳ್ಳನೆಯ ಕಾಗದವನ್ನು ಕರಗಿದ ಮೇಣದಲ್ಲಿ ಅದ್ದಬೇಕು, ಹೆಚ್ಚಾದ ಮೇಣವನ್ನು ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಹೀರುಕಾಗದಕ್ಕೆ ಇಳಿಸಬೇಕು, ಅಯೋಡೈಡಿನ ದ್ರಾವಣದಲ್ಲಿ ನೆನೆಸಿ ಒಣಗಿಸಬೇಕು, ಆಮೇಲೆ ಕತ್ತಲಲ್ಲಿ ಸಿಲ್ವರ್ ನೈಟ್ರೇಟಿನಲ್ಲಿ ಮುಳುಗಿಸಿ, ತೊಳೆದು ಮತ್ತೆ ಒಣಗಿಸಬೇಕು. ಇಷ್ಟೆಲ್ಲ ಆದ ಮೇಲೆ ಒಂದು ಅನುಕೂಲವಿತ್ತು. ಬಿಡಾರದಲ್ಲೇ ಹಾಳೆಗಳನ್ನು ಮುಂಚಿತವಾಗಿ ಸಿದ್ಧಮಾಡಿಟ್ಟುಕೊಂಡು, ದಿನವಿಡೀ ಚಿತ್ರ ತೆಗೆದು, ವಾಪಸು ಬಂದು ನಿಧಾನವಾಗಿ ಡೆವಲಪ್ ಮಾಡಬಹುದಿತ್ತು. ಗಾಜಿನಂತೆ ಒಡೆಯುವ ಭಯವಿಲ್ಲ, ಭಾರವೂ ಇಲ್ಲ. ಎತ್ತಿನ ಗಾಡಿಯಲ್ಲಿ, ಕೂಲಿಗಳ ತಲೆಯ ಮೇಲೆ ಸಾಮಾನು ಸಾಗಿಸುವವನಿಗೆ ಇದು ಸಣ್ಣ ಸಂಗತಿಯಲ್ಲ. ಟ್ರೈಪ್ ಹೊಯ್ಸಳ ದೇಗುಲಗಳಿಗೆ, ಗ್ರೀನ್‌ಲಾ ಹಂಪಿಗೆ ಒಯ್ದದ್ದು ಕಾಗದವನ್ನೇ.

ಇದಕ್ಕೆ ತೆತ್ತ ಬೆಲೆ ಸಮಯ. ಮೇಣದ ಕಾಗದ ತೀರಾ ನಿಧಾನ. ಲೆನ್ಸಿನ ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯಬೇಕು. ಇದರ ಜತೆಗೆ ಗಾತ್ರದ ಪ್ರಶ್ನೆ ಬೇರೆ. ಆಗ ಫೋಟೋವನ್ನು ಈಗಿನಂತೆ ದೊಡ್ಡದು ಮಾಡುವ ವ್ಯವಸ್ಥೆ ಇರಲಿಲ್ಲ. ನೆಗೆಟಿವನ್ನು ಕಾಗದದ ಮೇಲಿಟ್ಟು ಬಿಸಿಲಿಗೊಡ್ಡಿ ಪ್ರಿಂಟ್ ತೆಗೆಯುತ್ತಿದ್ದರು. ಚಿತ್ರ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಅಷ್ಟು ದೊಡ್ಡದಿರಬೇಕು, ಕ್ಯಾಮೆರಾ ಅದಕ್ಕಿಂತ ದೊಡ್ಡದಿರಬೇಕು. ಟ್ರೈಪನ ಚಿತ್ರಗಳು ಸುಮಾರು ೧೦ಕ್ಕೆ ೧೪ ಇಂಚಿನವು. ಗ್ರೀನ್‌ಲಾನ ಹಂಪಿ ನೆಗೆಟಿವ್‌ಗಳು ಸುಮಾರು ೧೬ಕ್ಕೆ ೧೮ ಇಂಚು! ಇಂದು ‘ಫುಲ್ ಫ್ರೇಮ್’ ಎಂದು ನಾವು ಆಸೆಪಡುವ ಸೆನ್ಸರಿಗಿಂತ ವಿಸ್ತೀರ್ಣದಲ್ಲಿ ಇನ್ನೂರು ಪಟ್ಟಿಗೂ ಮಿಗಿಲು. ನೆಗೆಟಿವ್ ದೊಡ್ಡದಾದಷ್ಟೂ ಲೆನ್ಸಿನ ನಾಭಿದೂರ ಹೆಚ್ಚಬೇಕು. ಹತ್ತಿರದ ಕಂಬ, ದೂರದ ಗೋಪುರ ಎರಡೂ ಸ್ಫುಟವಾಗಿ ಬರಬೇಕೆಂದರೆ ಬೆಳಕಿನ ಕಿಂಡಿಯನ್ನು ಚಿಕ್ಕದು ಮಾಡಬೇಕು. ಕಿಂಡಿ ಚಿಕ್ಕದಾದರೆ ಕಾಯುವ ಹೊತ್ತು ಇನ್ನಷ್ಟು ಹೆಚ್ಚುತ್ತದೆ. ಅಂದರೆ ಕಂಬದ ಮೇಲಿನ ಒಂದೊಂದು ಗೆರೆಯೂ ಉಳಿಯಲಿ ಎಂದು ದೊಡ್ಡ ಕ್ಯಾಮೆರಾ ಆರಿಸಿಕೊಂಡವನು, ಆ ಆಯ್ಕೆಯಿಂದಲೇ ಆ ಕಂಬದ ಬಳಿ ಓಡಾಡುವವರನ್ನು ಅಳಿಸಿಹಾಕುತ್ತಿದ್ದ.

ಇದು ಪುಸ್ತಕದಲ್ಲಿ ಓದಿ ಗೊತ್ತಿದ್ದ ಸಂಗತಿ. ಕಣ್ಣಾರೆ ನೋಡಬೇಕೆನಿಸಿ ಕಳೆದ ಮಳೆಗಾಲದಲ್ಲಿ ನಮ್ಮೂರ ಸಂತೆಗೆ ಟ್ರೈಪಾಡ್ ಹೊತ್ತುಕೊಂಡು ಹೋದೆ. ಮೋಡ ಕವಿದ ಬೆಳಗು. ಸಾವಿರ ಪಾಲು ಬೆಳಕಿನಲ್ಲಿ ಒಂದು ಪಾಲನ್ನಷ್ಟೇ ಒಳಬಿಡುವ ಕಪ್ಪು ಗಾಜಿನ ಎನ್‌ಡಿ ಫಿಲ್ಟರನ್ನು ಲೆನ್ಸಿಗೆ ತಿರುಗಿಸಿ, ಎಫ್ ೨೨ಕ್ಕೆ ಇಳಿಸಿ, ಎರಡು ನಿಮಿಷ ಬಿಟ್ಟೆ. ಆ ಎರಡು ನಿಮಿಷದಲ್ಲಿ ನನ್ನ ಮುಂದೆ ಕಡಿಮೆಯೆಂದರೂ ಎಪ್ಪತ್ತು ಎಂಬತ್ತು ಜನ ಹಾದುಹೋದರು. ಏನು ಶೂಟಿಂಗಾ ಎಂದು ಇಬ್ಬರು ನಿಂತು ಕೇಳಿಯೂ ಹೋದರು. ಪರದೆಯ ಮೇಲೆ ಬಂದ ಚಿತ್ರದಲ್ಲಿ ಈರುಳ್ಳಿ ಚೀಲಗಳಿದ್ದವು, ತಾಡಪಾಲು, ತಕ್ಕಡಿ, ಒಂದು ಟಾಟಾ ಏಸ್ ಇದ್ದವು. ರಸ್ತೆಯ ಮೇಲೆ ಮಂಜಿನಂಥದ್ದೊಂದು ಮಬ್ಬು. ಮನುಷ್ಯರೆಂದು ಗುರುತಿಸಬಹುದಾದದ್ದು ಒಬ್ಬರೇ: ವೀಳ್ಯದೆಲೆ ಮಾರುವ ಅಜ್ಜಿ. ಅವರಿಗೂ ಕೈಗಳಿರಲಿಲ್ಲ, ಎಲೆ ಎಣಿಸುತ್ತಿದ್ದರು.

ನೂರು ವರ್ಷದ ಬಳಿಕ ಈ ಚಿತ್ರವೊಂದೇ ಉಳಿದರೆ ನಮ್ಮೂರ ಬಗ್ಗೆ ಏನು ಬರೆಯಬಹುದು? ವ್ಯಾಪಾರ ಕುಸಿದಿದ್ದ, ಜನ ಬಿಟ್ಟುಹೋಗಿದ್ದ ಪೇಟೆ ಎಂದು.

ಹಂಪಿಯ ವಿಚಾರದಲ್ಲಿ ಇಂಥದ್ದೇ ಆಗಿದೆ. ಗ್ರೀನ್‌ಲಾನ ಚಿತ್ರಗಳು ಅಪೂರ್ವ, ಅನುಮಾನವಿಲ್ಲ. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನೇ ನೋಡಿ. ಇಂದು ಐವತ್ತು ರೂಪಾಯಿ ನೋಟಿನ ಮೇಲೆ ಕಾಣುವ ರಥಕ್ಕೆ ತಲೆ ಬೋಳು. ೧೮೫೬ರ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವಿದೆ. ಆ ಶಿಖರ ಆಮೇಲೆ ಇಲ್ಲವಾಯಿತು. ಅದು ಹೇಗಿತ್ತೆಂದು ಕಣ್ಣಿಗೆ ಕಟ್ಟುವಂತೆ ತಿಳಿಸುವುದು ಆ ಮೇಣದ ಕಾಗದ. ಕಟ್ಟಡದ ಬಗ್ಗೆ ಆ ಕ್ಯಾಮೆರಾ ಹೇಳುವುದನ್ನು ನಾನು ಪೂರಾ ನಂಬುತ್ತೇನೆ. ಜನರ ಬಗ್ಗೆ ಅದು ಏನೂ ಹೇಳುವುದಿಲ್ಲ, ಹೇಳುವ ಶಕ್ತಿಯೇ ಅದಕ್ಕಿರಲಿಲ್ಲ. ಆದರೂ ‘ಹತ್ತೊಂಬತ್ತನೇ ಶತಮಾನದ ನಿರ್ಜನ ಹಂಪಿ’ ಎಂಬ ಮಾತನ್ನು ವಿಚಾರ ಸಂಕಿರಣಗಳಲ್ಲಿ ಎಷ್ಟು ಸಲ ಕೇಳಿಲ್ಲ! ಹಿಂದಿನ ಪರದೆಯ ಮೇಲೆ ಇಂಥದ್ದೇ ಯಾವುದೋ ಹಳೆಯ ಚಿತ್ರ. ವಿರೂಪಾಕ್ಷನಿಗೆ ಪೂಜೆ ನಡೆಯುತ್ತಲೇ ಇತ್ತು, ಜಾತ್ರೆಗೆ ಜನ ಬರುತ್ತಲೇ ಇದ್ದರು. ಅವರು ನಿಮಿಷಗಟ್ಟಲೆ ಕಂಬದಂತೆ ನಿಲ್ಲಲಿಲ್ಲ, ಅಷ್ಟೆ.

ಎಲ್ಲ ಹೊಣೆಯನ್ನೂ ಮರದ ಪೆಟ್ಟಿಗೆಯ ಮೇಲೆ ಹೊರಿಸಲಾಗದು. ಬೇಕೆಂದರೆ ಯಾರನ್ನಾದರೂ ನಿಲ್ಲಿಸಬಹುದಿತ್ತು. ಆ ಕಾಲದ ದೀರ್ಘ ಎಕ್ಸ್‌ಪೋಷರಿನ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣುವ ಮನುಷ್ಯ ಎಂದರೆ ಅಲುಗಾಡಬೇಡ ಎಂದು ಹೇಳಿಸಿಕೊಂಡು ನಿಂತವನು, ಇಲ್ಲವೇ ತಾನಾಗಿ ಕುಳಿತೋ ಮಲಗಿಯೋ ಇದ್ದವನು. ಬಳ್ಳಿ ಹಬ್ಬಿದ ಗೋಡೆ, ಬಿರುಕುಬಿಟ್ಟ ಗೋಪುರ, ಸುತ್ತ ಮೌನ ಎಂಬ ಪಾಳುಸೌಂದರ್ಯದ ರುಚಿಯನ್ನು ಈ ಅಧಿಕಾರಿಗಳು ಇಂಗ್ಲೆಂಡಿನ ಚಿತ್ರಕಲೆಯಿಂದ ಹೊತ್ತು ತಂದಿದ್ದರು. ಕಂಪನಿಗೆ ಬೇಕಿದ್ದುದೂ ಕಟ್ಟಡಗಳೇ. ಕೈಯಿಂದ ನಕ್ಷೆ ಬರೆಸುವುದಕ್ಕಿಂತ ಫೋಟೋ ಅಗ್ಗ, ಬೇಗ ಎಂದು ಲಂಡನ್ನಿನ ನಿರ್ದೇಶಕರು ಲೆಕ್ಕ ಹಾಕಿದ್ದರು. ೧೮೫೫ರಿಂದ ಅಡಿಸ್ಕೊಂಬಿನ ತಮ್ಮ ಸೈನಿಕ ಶಾಲೆಯಲ್ಲಿ ಛಾಯಾಗ್ರಹಣವನ್ನು ಕಲಿಸಲಾರಂಭಿಸಿದರು. ರುಚಿ, ಆದೇಶ, ಸಲಕರಣೆ ಮೂರೂ ಒಂದೇ ದಿಕ್ಕಿಗೆ ಎಳೆದವು. ಮೊದಲ ಎರಡನ್ನು ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಮೂರನೆಯದನ್ನು ಕ್ಯಾಮೆರಾ ಹಿಡಿದು ನೋಡದೆ ತಿಳಿಯುವುದು ಕಷ್ಟ.

೨೦೧೧ರ ಜುಲೈನಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ತೆರವುಗೊಳಿಸಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅದರ ಹಿಂದೆ ಕಾನೂನಿನ ಕಾರಣಗಳಿದ್ದವು, ಸ್ಮಾರಕ ರಕ್ಷಣೆಯ ಕಾಳಜಿಯಿತ್ತು. ನೂರೈವತ್ತು ವರ್ಷ ಹಿಂದಿನ ಫೋಟೋಗಳು ಅದನ್ನು ಮಾಡಿಸಿದವು ಎಂದು ನಾನು ಹೇಳುತ್ತಿಲ್ಲ. ಆದರೆ ಸ್ಮಾರಕದ ‘ಮೂಲ ಸ್ಥಿತಿ’ ಎಂದರೆ ಜನರಿಲ್ಲದ ಸ್ಥಿತಿ ಎಂಬ ಕಲ್ಪನೆ ನಮ್ಮ ತಲೆಯಲ್ಲಿ ಕೂತಿದೆಯಲ್ಲ, ಅದು ಎಲ್ಲಿಂದ ಬಂತು? ಬಜಾರು ಎಂಬ ಹೆಸರಿರುವ ಬೀದಿಯಲ್ಲಿ ಅಂಗಡಿಯೇ ಇರಬಾರದು ಎಂದು ನಮಗೆ ಸಹಜವಾಗಿ ಅನ್ನಿಸುವುದಾದರೂ ಹೇಗೆ? ಹಳೆಯ ಚಿತ್ರಗಳಲ್ಲಿ ಜನ ‘ಇರಲಿಲ್ಲ’ ಎಂದು ಓದುವುದಕ್ಕೂ ‘ಕಾಣುವುದಿಲ್ಲ’ ಎಂದು ಓದುವುದಕ್ಕೂ ಇರುವ ಅಂತರ ಇಲ್ಲಿ ಬಹಳ ದೊಡ್ಡದು.

ಜನರಷ್ಟೇ ಅಲ್ಲ, ಮೋಡಗಳೂ ಆ ಕಾಗದಕ್ಕೆ ಕಾಣುತ್ತಿರಲಿಲ್ಲ. ಸಿಲ್ವರ್ ಅಯೋಡೈಡಿಗೆ ನೀಲಿಯೆಂದರೆ ಅತಿ ಪ್ರೀತಿ, ಕೆಂಪು ಹಸಿರು ಗೊತ್ತೇ ಆಗುವುದಿಲ್ಲ. ಹಾಗಾಗಿ ಆಕಾಶ ಬಿಳಿಯಾಗಿ ಬೆಂದುಹೋಗುತ್ತಿತ್ತು, ಮರಗಳೂ ಕೆಮ್ಮಣ್ಣೂ ಕಪ್ಪಾಗುತ್ತಿದ್ದವು. ಟ್ರೈಪ್ ಇದಕ್ಕೊಂದು ಉಪಾಯ ಹೂಡಿದ: ನೆಗೆಟಿವಿನ ಮೇಲೆ ಬಣ್ಣದಿಂದ ತಾನೇ ಮೋಡಗಳನ್ನು ಬರೆದ, ಎಲೆಗಳನ್ನು ತಿದ್ದಿದ. ಫೋಟೋಶಾಪ್ ಬಂದು ಸತ್ಯ ಹಾಳಾಯಿತೆಂದು ಗೊಣಗುವ ನನ್ನ ಗೆಳೆಯನಿಗೆ ಈ ಮೋಡಗಳನ್ನು ತೋರಿಸುವುದು ನನಗೆ ಇಷ್ಟವಾದ ಕೆಲಸ. ಮೋಡ ಬರೆಯಲು ಕೂತವನು ಜನರನ್ನು ಬರೆಯಲಿಲ್ಲ ಎಂಬುದನ್ನೂ ಗಮನಿಸಬೇಕು.

ಆ ಚಿತ್ರಗಳಿಂದ ಕಾಣೆಯಾದ ಇನ್ನೊಂದು ಗುಂಪಿದೆ, ಅವರು ಕ್ಯಾಮೆರಾದ ಹಿಂದೆ ಇದ್ದವರು. ಹಿತ್ತಾಳೆ ಬಿಗಿದ ಮಹಾಗನಿ ಪೆಟ್ಟಿಗೆಗಳನ್ನು ಹೊತ್ತವರು, ಉಪ್ಪಿಲ್ಲದ ನೀರು ಹುಡುಕಿ ತಂದವರು, ಹಾಳೆ ತೊಳೆದವರು. ಟ್ರೈಪ್ ೧೮೫೫ರಲ್ಲಿ ಬರ್ಮಾಕ್ಕೆ ಹೋದ ಬ್ರಿಟಿಷ್ ನಿಯೋಗದ ಫೋಟೋಗ್ರಾಫರ್ ಆದ, ಮರುವರ್ಷ ಮದರಾಸು ಸರ್ಕಾರದ ಫೋಟೋಗ್ರಾಫರ್ ಆದ. ಬರ್ಮಾದ ೧೨೦ ಚಿತ್ರಗಳ ೫೦ ಪ್ರತಿಗಳು, ಅಂದರೆ ೬೦೦೦ ಪ್ರಿಂಟುಗಳು, ತಯಾರಾದದ್ದು ಬೆಂಗಳೂರಿನಲ್ಲಿ. ಒಂದೊಂದನ್ನೂ ಬಿಸಿಲಿನಲ್ಲಿ ಮೂಡಿಸಿ, ರಾಸಾಯನಿಕದಲ್ಲಿ ಅದ್ದಿ, ಮತ್ತೆ ಮತ್ತೆ ತೊಳೆದು ಒಣಹಾಕಬೇಕಿತ್ತು. ಅದು ಒಬ್ಬ ಕ್ಯಾಪ್ಟನ್ನನ ಕೈಯಿಂದಾಗುವ ಕೆಲಸವಲ್ಲ. ಮುಂದೆ ಟ್ರೈಪ್ ತಿರುಚಿರಾಪಳ್ಳಿ, ಮದುರೈ, ತಂಜಾವೂರುಗಳಿಗೂ ಹೋದ. ತಂಜಾವೂರಿನ ಬೃಹದೀಶ್ವರ ದೇವಾಲಯದ ಶಾಸನಗಳನ್ನು ೨೧ ಪ್ರಿಂಟುಗಳನ್ನು ಜೋಡಿಸಿದ ಒಂದೇ ಉದ್ದನೆಯ ಪಟ್ಟಿಯಾಗಿ ತೋರಿಸಿದ.

೧೮೫೯ರಲ್ಲಿ ಮದರಾಸಿಗೆ ಗವರ್ನರನಾಗಿ ಬಂದ ಚಾರ್ಲ್ಸ್ ಟ್ರೆವೆಲಿಯನ್, ಖಜಾನೆಯ ಸ್ಥಿತಿ ನೋಡಿದರೆ ಇದೊಂದು ಐಷಾರಾಮ ಎಂದು ಆ ಕೆಲಸವನ್ನು ನಿಲ್ಲಿಸಿದ. ಟ್ರೈಪ್ ಆಮೇಲೆ ಹೆಚ್ಚೇನೂ ಚಿತ್ರ ತೆಗೆಯಲಿಲ್ಲ. ಟ್ರೈಪನ ಬಳಿ ಕೆಲಸ ಕಲಿತ ಸಿ. ಅಯ್ಯಸ್ವಾಮಿ ಮಾತ್ರ ಕ್ಯಾಮೆರಾ ಬಿಡಲಿಲ್ಲ. ಮದರಾಸಿನ ಕಲಾಶಾಲೆ ಸೇರಿ, ಅಲ್ಲಿನ ಹುಡುಗರಿಗೆ ಛಾಯಾಗ್ರಹಣ ಕಲಿಸುವ ಕೆಲಸ ಹಿಡಿದರು.